ಪುಟ್ಟ ಲಿಂಕ್‌ನ ಹಿಂದೆ ಏನಿದೆ?

ಮಕ್ಕಳೇ, ಕನ್ನಡ ವಿಕಿಪೀಡಿಯದ ಲಿಂಕನ್ನು ಅಜ್ಜಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೀರಾ? ಕನ್ನಡದಲ್ಲೇ ಕಾಣುತ್ತಿದ್ದ ವಿಳಾಸ ಎಷ್ಟೋ ಸಲ ಪರ್ಸೆಂಟ್ ಚಿಹ್ನೆಗಳ ಉದ್ದನೆಯ ಸಾಲಾಗಿಬಿಡುತ್ತದೆ. ಯಾಕೆ ಗೊತ್ತಾ?

ನಾವು ‘ಕನ್ನಡ’ ಅಂದರೆ ಮೂರು ಅಕ್ಷರ ಅಂತೀವಿ. ಕಂಪ್ಯೂಟರ್ ಐದು ಎಣಿಸುತ್ತದೆ: ಕ, ನ, ಒತ್ತು ಕೂಡಿಸುವ ಗುರುತು, ಮತ್ತೆ ನ, ಡ. ವೆಬ್ ವಿಳಾಸದಲ್ಲಿ ಒಂದೊಂದಕ್ಕೂ 9 ಜಾಗ ಬೇಕು. ಅಂದರೆ ಈ ಒಂದೇ ಪದಕ್ಕೆ 45 ಜಾಗ!

ಇಂಥ ವಿಳಾಸವನ್ನು ಮೊಟಕು ಮಾಡಿಕೊಡುವ ಸೇವೆಗಳಿವೆ. ಟೈನಿಯುಆರ್‌ಎಲ್ 2002ರಲ್ಲಿ ಶುರುವಾಯಿತು, ಬಿಟ್ಲಿ 2008ರಲ್ಲಿ. ಉದ್ದನೆಯ ವಿಳಾಸವನ್ನು ಅಲ್ಲಿ ಪೇಸ್ಟ್ ಮಾಡಿ ಬಟನ್ ಒತ್ತಿದರೆ ಪುಟ್ಟ ಲಿಂಕ್ ಸಿಗುತ್ತದೆ.

ಊರಿಗೆ ಹೋದಾಗ ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ತಗೊಳ್ತೀರಲ್ಲ, ಇದೂ ಹಾಗೇ. ಟೋಕನ್ ಮೇಲೆ ಬರೀ ನಂಬರ್. ಯಾವ ನಂಬರಿಗೆ ಯಾವ ಚಪ್ಪಲಿ ಅನ್ನೋದು ಸ್ಟ್ಯಾಂಡಿನವರಿಗೆ ಗೊತ್ತು. ಲಿಂಕ್ ಒತ್ತಿದಾಗ ಬ್ರೌಸರ್ ಮೊದಲು ಆ ಸೇವೆಯನ್ನು ಕೇಳುತ್ತದೆ. ಅದು ತನ್ನ ಪಟ್ಟಿ ನೋಡಿ ನಿಜವಾದ ವಿಳಾಸ ಹೇಳುತ್ತದೆ. ಬ್ರೌಸರ್ ಅಲ್ಲಿಗೆ ಹೋಗುತ್ತದೆ.

ಟೋಕನ್ ಮುಗಿದುಹೋಗಲ್ವಾ? ಇಂಗ್ಲಿಷಿನ 26 ದೊಡ್ಡಕ್ಷರ, 26 ಚಿಕ್ಕಕ್ಷರ, 10 ಅಂಕಿ ಸೇರಿದರೆ 62. ಆರು ಸ್ಥಾನ ಇದ್ದರೆ 62ನ್ನು ಆರು ಸಲ ಗುಣಿಸಿ: ಸುಮಾರು 5,680 ಕೋಟಿ ಲಿಂಕ್!

ಆದರೆ ಟೋಕನ್ ನೋಡಿ ಚಪ್ಪಲಿ ಹೇಗಿದೆ ಅಂತ ಹೇಳೋಕಾಗಲ್ಲ. ಹಾಗಾಗಿ ಈ ಮೂರು ಮಾತು ನೆನಪಿರಲಿ.

1. ಗೊತ್ತಿಲ್ಲದವರು ‘ಬಹುಮಾನ ಬಂದಿದೆ’ ಅಂತ ಪುಟ್ಟ ಲಿಂಕ್ ಕಳಿಸಿದರೆ ಒತ್ತಬೇಡಿ, ಅಪ್ಪ ಅಮ್ಮನಿಗೆ ತೋರಿಸಿ. ಬಿಟ್ಲಿ ಲಿಂಕ್ ಆದರೆ ಕೊನೆಗೆ ಒಂದು ಪ್ಲಸ್ ಚಿಹ್ನೆ ಸೇರಿಸಿ ತೆರೆದಾಗ, ಅದು ಎಲ್ಲಿಗೆ ಹೋಗುತ್ತದೆಂದು ಮೊದಲೇ ನೋಡಬಹುದು.

2. ಲಿಂಕ್ ಚಿಕ್ಕದಾದರೆ ಗುಟ್ಟಾಗುವುದಿಲ್ಲ. ಪೋಷಕರೇ, ಮನೆಯ ಫೋಟೋ ಆಲ್ಬಮ್‌ಗೆ ಯಾರು ನೋಡಬಹುದು ಎಂಬ ಸೆಟ್ಟಿಂಗ್ ಬೇರೆಯಾಗಿಯೇ ಮಾಡಬೇಕು.

3. ಸ್ಟ್ಯಾಂಡ್ ಮುಚ್ಚಿದರೆ ಟೋಕನ್ ಇದ್ದೂ ಪ್ರಯೋಜನವಿಲ್ಲ. ಗೂಗಲ್ 2009ರಲ್ಲಿ ಇಂಥದೊಂದು ಸೇವೆ ಶುರು ಮಾಡಿ, 2019ರಲ್ಲಿ ಹೊಸ ಲಿಂಕ್ ಕೊಡುವುದನ್ನು ನಿಲ್ಲಿಸಿತು. ಬಳಕೆಯಲ್ಲಿಲ್ಲದ ಹಳೆಯ ಲಿಂಕುಗಳನ್ನು 2025ರಲ್ಲಿ ಮುಚ್ಚಿತು. ಆದ್ದರಿಂದ ಶಾಲೆಯ ಪ್ರಾಜೆಕ್ಟ್‌ನಲ್ಲಿ ಪುಟ್ಟ ಲಿಂಕ್ ಜೊತೆಗೆ ಪುಟದ ಹೆಸರು ಮತ್ತು ವೆಬ್‌ಸೈಟ್ ಹೆಸರನ್ನೂ ಬರೆಯಿರಿ. ಲಿಂಕ್ ಹೋದರೂ ಪುಟವನ್ನು ಹುಡುಕಿಕೊಳ್ಳಬಹುದು.

ನೀವೇ ಮಾಡಿ: ‘ಮೈಸೂರು’ ಪದಕ್ಕೆ ವಿಳಾಸದಲ್ಲಿ ಎಷ್ಟು ಜಾಗ ಬೇಕು? ಸುಳಿವು: ಕಂಪ್ಯೂಟರ್ ಕಾಗುಣಿತದ ಗುರುತನ್ನೂ ಬೇರೆಯಾಗಿ ಎಣಿಸುತ್ತದೆ.

ಉತ್ತರ: ಮ, ಸ, ರ ಮತ್ತು ಮೂರು ಗುರುತು, ಒಟ್ಟು 6. ಆರೊಂಬತ್ತಲ 54. ಇನ್ನು ನಿಮ್ಮ ಹೆಸರಿಗೆ ಎಷ್ಟು ಬೇಕು, ಎಣಿಸಿ ನೋಡಿ!