ಗುರಿಯ ದಾರಿ ಕ್ಲಬ್ಬಿನಿಂದ, ವರ್ಕ್‌ಶಾಪಿನಿಂದಲ್ಲ

ಶೂಟಿಂಗ್ ಪಂದ್ಯಕ್ಕೆ ಇಳಿಯುವವರು, ತೋಟಾ ರೀಲೋಡಿಂಗ್ ಬಗ್ಗೆ ಕುತೂಹಲ ಇರುವವರು ತಿಳಿದಿರಬೇಕಾದ ಕಾನೂನು

ಬೆಂಗಳೂರಿನ ಟಿ. ದಾಸರಹಳ್ಳಿಯ ಮನೆಗಳಲ್ಲಿ ಶೂಟಿಂಗ್ ಕಲಿಯಬೇಕೆಂಬ ಆಸೆ ಹುಟ್ಟಿದಾಗ ಎರಡು ಪ್ರಶ್ನೆಗಳು ಏಳುತ್ತವೆ. ‘ಮಗಳಿಗೆ ಏರ್ ರೈಫಲ್ ಕೊಡಿಸಬೇಕು, ಲೈಸೆನ್ಸ್ ಬೇಕೇ?’ ಎಂಬುದು ಮೊದಲನೆಯದು. ಹೊರದೇಶದ ವಿಡಿಯೊಗಳನ್ನು ನೋಡಿದ ಯುವಕರದು ಎರಡನೆಯದು: ‘ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿ ಮತ್ತೆ ಬಳಸುತ್ತಾರಲ್ಲ, ಇಲ್ಲೂ ಹಾಗೆ ಮಾಡಬಹುದೇ? ಅದಕ್ಕೆ ಬೇಕಾದ ಡೈಗಳನ್ನು ಪೀಣ್ಯ ಕೈಗಾರಿಕಾ ಪ್ರದೇಶದ ಲೇಥ್‌ನಲ್ಲಿ ಮಾಡಿಸಿಕೊಂಡರಾಗದೇ?’

ಮೊದಲ ಪ್ರಶ್ನೆ ಕೇಳಿದವರಿಗೆ ನಮ್ಮ ಕಾನೂನು ಬಾಗಿಲು ತೆರೆದಿಟ್ಟಿದೆ. ಎರಡನೆಯ ಹಾದಿ ಹಿಡಿದವರು ಕನಿಷ್ಠ ಏಳು ವರ್ಷ ಜೈಲಿನ ಅಪರಾಧಕ್ಕೆ ಸಿಲುಕಬಹುದು. ಈ ಅಂತರ ಗೊತ್ತಿಲ್ಲದೆ ಯಾರೂ ಬಾಳು ಕೆಡಿಸಿಕೊಳ್ಳಬಾರದು.

ಯಾವ ಕಾಯ್ದೆ, ಯಾವ ನಿಯಮ?

ಬಂದೂಕು ಮತ್ತು ಮದ್ದುಗುಂಡುಗಳಿಗೆ ಅನ್ವಯವಾಗುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅರ್ಜಿ, ನಮೂನೆ, ಷರತ್ತುಗಳ ವಿವರ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. ಕಾಯ್ದೆಗೆ 2019ರ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ ಹಲವು ಶಿಕ್ಷೆಗಳನ್ನು ಹೆಚ್ಚಿಸಿತು, ಒಬ್ಬ ವ್ಯಕ್ತಿಗೆ ಎರಡೇ ಬಂದೂಕು ಎಂಬ ಮಿತಿ ಹಾಕಿತು, ಲೈಸೆನ್ಸ್ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮದ್ದಿನ ಪುಡಿಯ ವಿಷಯ ಬಂದಾಗ 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳೂ ಜೊತೆಗೆ ಬರುತ್ತವೆ.

ಬೆಂಗಳೂರು ನಗರದಲ್ಲಿ ಬಂದೂಕಿನ ಲೈಸೆನ್ಸ್ ಕೊಡುವ ಅಧಿಕಾರ ನಗರ ಪೊಲೀಸ್ ಕಮಿಷನರ್ ಅವರದು. ಪೊಲೀಸ್ ಕಮಿಷನರ್ ಇಲ್ಲದ ಕಡೆ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಇರುತ್ತದೆ. ಅರ್ಜಿದಾರರ ಬಗ್ಗೆ ವಿಚಾರಣೆ ನಡೆಸಿ ವರದಿ ಕೊಡುವುದು ಅವರ ಮನೆಯ ವ್ಯಾಪ್ತಿಯ ಠಾಣೆ.

ಮೊದಲ ಮೆಟ್ಟಿಲು: ಏರ್ ರೈಫಲ್

ಏರ್ ರೈಫಲ್, ಏರ್ ಪಿಸ್ತೂಲುಗಳಲ್ಲಿ ಮದ್ದು ಇರುವುದಿಲ್ಲ. ಗಾಳಿಯ ಒತ್ತಡವೇ ಪೆಲೆಟ್ಟನ್ನು ದೂಡುತ್ತದೆ. 2016ರ ನಿಯಮಗಳ ಪ್ರಕಾರ ನಳಿಕೆಯ ಒಳವ್ಯಾಸ 4.5 ಮಿ.ಮೀ. (.177) ಮೀರಿದರೆ ಅಥವಾ ಪೆಲೆಟ್‌ನ ಶಕ್ತಿ 20 ಜೌಲ್ ಮೀರಿದರೆ ಲೈಸೆನ್ಸ್ ಬೇಕು. ಅದರೊಳಗಿದ್ದರೆ ಬೇಕಿಲ್ಲ. ಆದರೆ ಕೊಳ್ಳುವಾಗ ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಕೊಡಬೇಕು, ಅಂಗಡಿಯವರು ಮಾರಾಟದ ಲೆಕ್ಕ ಇಡಬೇಕು. ಬಿಲ್ಲನ್ನು ಜೋಪಾನವಾಗಿಡಿ. ಮುಂದೆ ಯಾರಾದರೂ ಪ್ರಶ್ನಿಸಿದರೆ ನಿಮ್ಮ ಮೊದಲ ಉತ್ತರ ಅದೇ.

ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಗಳು ನಡೆಯುವುದು ಇದೇ 4.5 ಮಿ.ಮೀ. ಪೆಲೆಟ್‌ನಲ್ಲಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ನಮ್ಮದೇ ನಗರದ ದಿವ್ಯಾ ಟಿ.ಎಸ್. ಅವರು ಸರಬ್‌ಜೋತ್ ಸಿಂಗ್ ಜೊತೆಗೂಡಿ 2023ರ ಬಾಕು ವಿಶ್ವಕಪ್‌ನಲ್ಲಿ ಚಿನ್ನ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದದ್ದೂ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ವಿಭಾಗದಲ್ಲಿ. ಚಿಟಿಕೆ ಮದ್ದನ್ನೂ ಮುಟ್ಟದೆ ವಿಶ್ವಮಟ್ಟಕ್ಕೆ ಏರಬಹುದು ಎಂಬುದನ್ನು ಮಕ್ಕಳಿಗೂ ಪೋಷಕರಿಗೂ ಮೊದಲು ಹೇಳಬೇಕು.

.22 ರೈಫಲ್: ಕ್ಲಬ್ ಸದಸ್ಯರಿಗೆ ಕಾಯ್ದೆಯ ಆಸರೆ

ಬಂದೂಕು ಹೊಂದುವುದು ನಮ್ಮಲ್ಲಿ ಮೂಲಭೂತ ಹಕ್ಕಲ್ಲ. ಆದರೂ ಗುರಿ ಅಭ್ಯಾಸ ಮಾಡುವವರಿಗೆ ಕಾಯ್ದೆಯ 13(3)ನೇ ಸೆಕ್ಷನ್ ವಿಶೇಷ ಸ್ಥಾನ ಕೊಟ್ಟಿದೆ. ಕೇಂದ್ರ ಸರ್ಕಾರದ ಲೈಸೆನ್ಸ್ ಅಥವಾ ಮಾನ್ಯತೆ ಇರುವ ರೈಫಲ್ ಕ್ಲಬ್ ಇಲ್ಲವೇ ರೈಫಲ್ ಸಂಸ್ಥೆಯ ಸದಸ್ಯರು ಗುರಿ ಅಭ್ಯಾಸಕ್ಕಾಗಿ .22 ರೈಫಲ್ ಅಥವಾ ಏರ್ ರೈಫಲ್‌ಗೆ ಲೈಸೆನ್ಸ್ ಕೇಳಿದರೆ ಪ್ರಾಧಿಕಾರ ಅದನ್ನು ‘ಕೊಡತಕ್ಕದ್ದು’ ಎನ್ನುತ್ತದೆ ಆ ಸೆಕ್ಷನ್. ಅರ್ಜಿದಾರರು ಅನರ್ಹರಾಗಿದ್ದರೆ, ಸಾರ್ವಜನಿಕ ಶಾಂತಿಗೆ ಅಪಾಯವಿದ್ದರೆ ಮಾತ್ರ ನಿರಾಕರಣೆಯ ಮಾತು. ಇಂಥ ಸದಸ್ಯರ .22 ರೈಫಲ್ ಎರಡು ಬಂದೂಕುಗಳ ಮಿತಿಯ ಲೆಕ್ಕಕ್ಕೂ ಸೇರುವುದಿಲ್ಲ. ಪಿಸ್ತೂಲಿಗೆ ಈ ಸವಲತ್ತು ಇಲ್ಲ ಎಂಬುದನ್ನು ಗಮನಿಸಿ.

ಆದ್ದರಿಂದ ಮೊದಲು ಸದಸ್ಯತ್ವ, ಆಮೇಲೆ ಅರ್ಜಿ. ರಾಷ್ಟ್ರಮಟ್ಟದಲ್ಲಿ ಈ ಕ್ರೀಡೆಯನ್ನು ನಡೆಸುವುದು 1951ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ. ರಾಜ್ಯದಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದೆ. ಖಾಸಗಿ ಅಕಾಡೆಮಿಗೆ ಶುಲ್ಕ ಕಟ್ಟುವ ಮುನ್ನ ಅದು ಯಾವ ಮಾನ್ಯ ಸಂಸ್ಥೆಗೆ ಸೇರಿದೆ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಕಾನೂನು ನೋಡುವುದು ಆ ಮಾನ್ಯತೆಯನ್ನೇ.

21 ವರ್ಷ ತುಂಬದವರು ಬಂದೂಕನ್ನು ಸ್ವಂತಕ್ಕೆ ಹೊಂದುವಂತಿಲ್ಲ. ತರಬೇತಿಯ ಹೊತ್ತಿನಲ್ಲಿ, ನಿಯಮ ಹೇಳಿದ ವಯಸ್ಸು ಮತ್ತು ಷರತ್ತುಗಳೊಳಗೆ ಬಳಸಲು 9(2)ನೇ ಸೆಕ್ಷನ್ ಅವಕಾಶ ಕೊಟ್ಟಿದೆ.

ಅರ್ಜಿ ಹಾಕುವ ಕ್ರಮ

1. ನಮೂನೆ ಎ-1ರಲ್ಲಿ ಅರ್ಜಿ. ಫೋಟೊ, ಗುರುತು, ವಿಳಾಸ, ಜನ್ಮದಿನಾಂಕದ ದಾಖಲೆಗಳನ್ನು ಜೊತೆಗಿಡಬೇಕು. ಬಾಡಿಗೆ ಮನೆಯವರು ಈಗಿನ ವಿಳಾಸ ಮತ್ತು ಆಧಾರ್ ವಿಳಾಸ ಒಂದೇ ಆಗಿವೆಯೇ ಎಂದು ನೋಡಿಕೊಳ್ಳಿ.
2. ಕ್ಲಬ್ ಸದಸ್ಯತ್ವದ ಪತ್ರ, ಪಂದ್ಯಗಳಲ್ಲಿ ಭಾಗವಹಿಸಿದ್ದರೆ ಅವುಗಳ ಪ್ರಮಾಣಪತ್ರ.
3. ಸುರಕ್ಷಿತ ಬಳಕೆಯ ತರಬೇತಿ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಬಂದೂಕನ್ನು ಮನೆಯಲ್ಲಿ ಬೀಗದೊಳಗೆ ಹೇಗೆ ಇಡುತ್ತೀರಿ ಎಂಬ ಮುಚ್ಚಳಿಕೆ.
4. ಠಾಣೆಯ ವಿಚಾರಣೆ. ಅರ್ಜಿಯ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ.
5. ಲೈಸೆನ್ಸ್ ಬಂದಾಗ ಅದರಲ್ಲಿ ನಿಮ್ಮ ವಿಶಿಷ್ಟ ಗುರುತಿನ ಸಂಖ್ಯೆ, ಬಂದೂಕಿನ ವಿವರ, ಕೊಳ್ಳಬಹುದಾದ ತೋಟಾಗಳ ಪ್ರಮಾಣ, ಲೈಸೆನ್ಸ್ ಅನ್ವಯವಾಗುವ ಪ್ರದೇಶ, ಎಲ್ಲವೂ ಸರಿಯಾಗಿವೆಯೇ ಎಂದು ಅಲ್ಲೇ ಓದಿ ನೋಡಿ.

ತೋಟಾ ಕೊಂಡ ಪ್ರತಿ ಸಲವೂ ಲೈಸೆನ್ಸ್‌ನಲ್ಲಿ ನಮೂದಾಗಬೇಕು. ಗೆಳೆಯನಿಗೆ ತೋಟಾ ಕಡ ಕೊಡುವುದು, ಪಂದ್ಯದಲ್ಲಿ ಉಳಿದದ್ದನ್ನು ಅವನ ಚೀಲಕ್ಕೆ ಹಾಕುವುದು ಸಲ್ಲದು. ಸ್ವಂತ ಬಂದೂಕನ್ನೋ ತೋಟಾಗಳನ್ನೋ ಮಾರಬೇಕಾದರೂ ಕೊಳ್ಳುವವರು ಅರ್ಹರಿರಬೇಕು, ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣೆಗೆ ಬರಹದಲ್ಲಿ ತಿಳಿಸಬೇಕು, ಆಮೇಲೆ 45 ದಿನ ಕಳೆಯಬೇಕು. ಲೈಸೆನ್ಸ್ ಷರತ್ತು ಮುರಿದರೆ 30ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು.

ರೀಲೋಡಿಂಗ್: ಮನೆಯಲ್ಲಿ ಏಕೆ ಕೂಡದು

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳುವುದು ಸಾಮಾನ್ಯ ಹವ್ಯಾಸ. ಅಲ್ಲಿನ ವಿಡಿಯೊ ನೋಡಿದವರಿಗೆ ಇದೊಂದು ಉಳಿತಾಯದ ಕೆಲಸದಂತೆ ಕಾಣುತ್ತದೆ. ನಮ್ಮ ಕಾಯ್ದೆಯ 2(1)(ಬಿ) ಸೆಕ್ಷನ್ ಓದಿದರೆ ಚಿತ್ರವೇ ಬೇರೆ. ಅಲ್ಲಿ ‘ಮದ್ದುಗುಂಡು’ ಎಂದರೆ ತುಂಬಿದ ತೋಟಾ ಮಾತ್ರವಲ್ಲ. ಬಂದೂಕಿಗೆ ಹಾಕುವ ಮದ್ದಿನ ಪ್ರಮಾಣ, ಮದ್ದುಗುಂಡಿನ ಬಿಡಿಭಾಗಗಳು, ಮದ್ದುಗುಂಡು ತಯಾರಿಸುವ ಯಂತ್ರ ಕೂಡ ಆ ವ್ಯಾಖ್ಯೆಯೊಳಗೇ ಇವೆ. ಅಂದರೆ ಪ್ರೈಮರ್ (ತೋಟಾದ ಮದ್ದಿಗೆ ಕಿಡಿಹೊತ್ತಿಸುವ ಭಾಗ) ತರಿಸಿಕೊಂಡರೂ ರೀಲೋಡಿಂಗ್ ಪ್ರೆಸ್ ತರಿಸಿಕೊಂಡರೂ ಅದು ಕಾನೂನಿನ ಕಣ್ಣಿನಲ್ಲಿ ಮದ್ದುಗುಂಡು ತರಿಸಿಕೊಂಡ ಹಾಗೆ.

‘ನನ್ನ ಬಳಿ ಲೈಸೆನ್ಸ್ ಇದೆಯಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ನಿಮ್ಮ ಕೈಯಲ್ಲಿರುವುದು 3ನೇ ಸೆಕ್ಷನ್ ಅಡಿ ಪಡೆದ, ಹೊಂದುವ ಲೈಸೆನ್ಸ್. ತಯಾರಿಕೆ, ಮಾರಾಟ, ಪರಿವರ್ತನೆ, ದುರಸ್ತಿ, ಪರೀಕ್ಷೆಗಳಿಗೆ 5ನೇ ಸೆಕ್ಷನ್ ಅಡಿ ಬೇರೆಯೇ ಲೈಸೆನ್ಸ್ ಬೇಕು. ಅದಿಲ್ಲದೆ ತಯಾರಿಸಿದರೆ 25(1)ನೇ ಸೆಕ್ಷನ್ ಅನ್ವಯ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಮತ್ತು ದಂಡ. ಹತ್ತು ತೋಟಾ ಸ್ವಂತ ಅಭ್ಯಾಸಕ್ಕೆ ತುಂಬಿದೆ ಎಂಬ ಕಾರಣಕ್ಕೆ ಆ ಕನಿಷ್ಠ ಮಿತಿ ಇಳಿಯುವುದಿಲ್ಲ. ಅಳತೆ ತಪ್ಪಿ ಮದ್ದು ಹೆಚ್ಚಾದರೆ ಬಂದೂಕೇ ಸಿಡಿದು ಕಣ್ಣು, ಕೈ ಹೋಗುವ ಅಪಾಯ ಬೇರೆ. ದಾಸರಹಳ್ಳಿಯಂಥ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಮದ್ದಿನ ಪುಡಿ ಇಡುವುದು ಅಕ್ಕಪಕ್ಕದವರ ಜೀವಕ್ಕೂ ಸಂಚಕಾರ.

ಪಂದ್ಯಕ್ಕೆ ರೀಲೋಡಿಂಗ್ ಬೇಕೇ ಬೇಕು ಎಂಬ ತಿಳಿವಳಿಕೆಯೂ ಸರಿಯಲ್ಲ. ಒಲಿಂಪಿಕ್ಸ್‌ನಲ್ಲಿ ಬಳಸುವುದು ಏರ್ ಪೆಲೆಟ್, .22 ರಿಮ್‌ಫೈರ್ ತೋಟಾ, 12 ಬೋರ್ ತೋಟಾ, ಈ ಮೂರೇ. .22 ತೋಟಾದಲ್ಲಿ ಕಿಡಿಹೊತ್ತಿಸುವ ರಾಸಾಯನಿಕ ಅಂಚಿನೊಳಗೇ ಇರುವುದರಿಂದ ಒಮ್ಮೆ ಹಾರಿದ ಮೇಲೆ ಅದು ಮರುಬಳಕೆಗೆ ಬರುವುದಿಲ್ಲ. ತೋಟಾ ಸಾಲದು ಎಂಬ ಶೂಟರ್‌ಗಳ ಅಹವಾಲಿಗೆ ಕೇಂದ್ರ ಗೃಹ ಸಚಿವಾಲಯ 2020ರ ಫೆಬ್ರವರಿಯಲ್ಲಿ ಸ್ಪಂದಿಸಿ, ನಿಯಮದಡಿ ಅರ್ಹರಾದ ಶೂಟರ್‌ಗಳು ಅಭ್ಯಾಸಕ್ಕೆ ಕೊಳ್ಳಬಹುದಾದ ಪ್ರಮಾಣವನ್ನು ಏರಿಸಿದೆ: .22 ತೋಟಾ 1,000ದಿಂದ 5,000ಕ್ಕೆ, ಇತರ ಪಿಸ್ತೂಲು, ರಿವಾಲ್ವರ್ ತೋಟಾ 600ರಿಂದ 2,000ಕ್ಕೆ, ಶಾಟ್‌ಗನ್ ತೋಟಾ 500ರಿಂದ 5,000ಕ್ಕೆ. ಹೆಚ್ಚು ತೋಟಾ ಬೇಕಾದವರು ಕ್ಲಬ್ಬಿನ ಮೂಲಕ ಈ ಅರ್ಹತೆ ಗಳಿಸಬೇಕು. ಪ್ರೆಸ್, ಪ್ರೈಮರ್, ಪುಡಿಗಳ ಬಗ್ಗೆ ಏನೇ ಯೋಚನೆ ಇದ್ದರೂ ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಲೈಸೆನ್ಸ್ ಪ್ರಾಧಿಕಾರಕ್ಕೆ ಬರೆದು ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ.

ಪೀಣ್ಯದ ವರ್ಕ್‌ಶಾಪ್ ಮಾಲೀಕರೇ, ಕೆಲಸಗಾರರೇ

ಟಿ. ದಾಸರಹಳ್ಳಿಯ ಎಷ್ಟೋ ಮನೆಗಳ ಅನ್ನ ಪೀಣ್ಯದ ಲೇಥ್, ಮಿಲ್ಲಿಂಗ್, ಸಿಎನ್‌ಸಿ ಯಂತ್ರಗಳಿಂದ ಬರುತ್ತದೆ. ಡ್ರಾಯಿಂಗ್ ತಂದುಕೊಟ್ಟು ‘ನಾಲ್ಕು ಪೀಸ್ ಮಾಡಿಕೊಡಿ’ ಎಂದರೆ ಮಾಡಿಕೊಡುವುದು ಜಾಬ್ ವರ್ಕ್‌ನ ರೂಢಿ. ಆ ಡ್ರಾಯಿಂಗ್ ತೋಟಾ ತುಂಬುವ ಡೈ, ಬಂದೂಕಿನ ನಳಿಕೆ, ಟ್ರಿಗರ್ ಭಾಗ ಅಥವಾ ಆಟಿಕೆ ಪಿಸ್ತೂಲನ್ನು ನಿಜವಾದ ಪಿಸ್ತೂಲಾಗಿ ಮಾರ್ಪಡಿಸುವ ಭಾಗದ್ದಾಗಿದ್ದರೆ ರೂಢಿಯ ಮಾತು ರಕ್ಷಣೆಗೆ ಬರುವುದಿಲ್ಲ. ತಯಾರಿಕೆ, ಪರಿವರ್ತನೆ, ದುರಸ್ತಿ ಎಲ್ಲವೂ 5ನೇ ಸೆಕ್ಷನ್ ವ್ಯಾಪ್ತಿಗೆ ಬರುತ್ತವೆ. ಸಂಸ್ಥೆಯ ಹೆಸರಿನಲ್ಲಿ ಅಪರಾಧ ನಡೆದರೆ ಆ ವೇಳೆ ವ್ಯವಹಾರದ ಹೊಣೆ ಹೊತ್ತವರೂ 33ನೇ ಸೆಕ್ಷನ್ ಪ್ರಕಾರ ಹೊಣೆಗಾರರು.

ಹೀಗಾಗಿ ಗ್ರಾಹಕರ ಹೆಸರು, ಗುರುತು, ಭಾಗದ ಉಪಯೋಗವನ್ನು ಆರ್ಡರ್‌ನಲ್ಲೇ ಬರೆಸಿಕೊಳ್ಳಿ. ಅನುಮಾನ ಬಂದರೆ ಕೆಲಸ ಒಪ್ಪಿಕೊಳ್ಳಬೇಡಿ. ಈ ಕಾಯ್ದೆಯಡಿ ಅಪರಾಧ ನಡೆದದ್ದು ಗೊತ್ತಾದವರು ಹತ್ತಿರದ ಠಾಣೆಗೆ ಅಥವಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಎಂದು 36ನೇ ಸೆಕ್ಷನ್ ಹೇಳುತ್ತದೆ. ಯಂತ್ರದ ಮುಂದೆ ನಿಂತ ಕೆಲಸಗಾರನಿಗೂ ಈ ಕರ್ತವ್ಯ ಇದೆ.

ಪಂದ್ಯಕ್ಕೆ ಹೊರಡುವಾಗ

ರಾಜ್ಯಮಟ್ಟದಿಂದ ಶುರುವಾಗಿ, ಜಿ.ವಿ. ಮಾವಳಂಕರ್ ಹೆಸರಿನ ಅಖಿಲ ಭಾರತ ಸ್ಪರ್ಧೆಯಂಥ ಅರ್ಹತಾ ಪಂದ್ಯಗಳನ್ನು ದಾಟಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಹೋಗುವುದು ಈ ಕ್ರೀಡೆಯ ಕ್ರಮ. ಹೊರರಾಜ್ಯಕ್ಕೆ ಬಂದೂಕು ಒಯ್ಯುವ ಮೊದಲು ನಿಮ್ಮ ಲೈಸೆನ್ಸ್ ಕರ್ನಾಟಕಕ್ಕೆ ಸೀಮಿತವೋ ಇಡೀ ದೇಶಕ್ಕೆ ಅನ್ವಯವೋ ನೋಡಿ. ಮೂಲ ಲೈಸೆನ್ಸ್, ಪಂದ್ಯದ ಪ್ರವೇಶಪತ್ರ, ಕ್ಲಬ್ಬಿನ ಪತ್ರ ಜೊತೆಗಿರಲಿ. ವಿಮಾನದಲ್ಲಾದರೆ ಮುಂಚಿತವಾಗಿ ವಿಮಾನಯಾನ ಸಂಸ್ಥೆಗೆ ತಿಳಿಸಿ, ಗುಂಡು ತೆಗೆದ ಬಂದೂಕನ್ನು ಚೆಕ್-ಇನ್ ಸಾಮಾನಿನಲ್ಲಿ ಘೋಷಿಸಿ ಕೊಡಬೇಕು. ಕೈಚೀಲದಲ್ಲಿ ತೋಟಾ ಇರಕೂಡದು.

ರೇಂಜ್‌ನಿಂದ ಬಂದ ಮೇಲೆ ಚೀಲದ ಮೂಲೆಯಲ್ಲಿ ಉಳಿದ ಒಂದೇ ತೋಟಾ ಕೆಂಪೇಗೌಡ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೂ ಪ್ರಕರಣ ದಾಖಲಾಗಬಹುದು. ಅರಿವಿದ್ದು ಇಟ್ಟುಕೊಂಡದ್ದು ಮಾತ್ರ ಅಪರಾಧವೆಂದು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಿಂದ ಹೇಳುತ್ತ ಬಂದಿದೆ. ಜೋಡಿಸಿ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ 45(ಡಿ) ಸೆಕ್ಷನ್ ವಿನಾಯಿತಿಯೂ ಇದೆ. ಆದರೆ ಇವು ನ್ಯಾಯಾಲಯದಲ್ಲಿ ಸಿಗುವ ರಕ್ಷಣೆಗಳು. ಅಲ್ಲಿಯವರೆಗೆ ಅಲೆದಾಟ ತಪ್ಪದು. ಹೊರಡುವ ಮುನ್ನ ಚೀಲದ ಜೇಬುಗಳನ್ನೆಲ್ಲ ಕೊಡವಿ ನೋಡಿ.

ಚುನಾವಣೆ ಘೋಷಣೆಯಾದಾಗ ಬಂದೂಕು ಠೇವಣಿ ಇಡುವ ಆದೇಶ ಬರುತ್ತದೆ. ಪಂದ್ಯ ಆಡುವವರಿಗೆ ವಿನಾಯಿತಿ ಸಿಗುವುದುಂಟು. ಅದು ತಾನಾಗಿ ಸಿಗುತ್ತದೆಂದು ಕೂರದೆ, ಪಂದ್ಯದ ದಾಖಲೆ ಇಟ್ಟು ಲಿಖಿತ ಅರ್ಜಿ ಕೊಡಿ.

ಕೊಡಗಿನ ವಿನಾಯಿತಿ ನಮಗೆ ಅನ್ವಯವೇ?

ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ನಿರ್ದಿಷ್ಟ ಬಗೆಯ ಕೋವಿ ಹೊಂದಲು ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಆ ಸಮುದಾಯ ಮತ್ತು ಆ ಹಿಡುವಳಿಗೆ ಸಂಬಂಧಿಸಿದ್ದು. ಬೆಂಗಳೂರಿನ ಬೇರೆಯವರು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅದು ಕೋವಿ ಹೊಂದುವ ವಿನಾಯಿತಿಯೇ ಹೊರತು ತೋಟಾ ತಯಾರಿಸುವ ಅನುಮತಿಯಲ್ಲ.

ನಿರಾಕರಿಸಿದರೆ, ವಿಚಾರಿಸಿದರೆ

ಅರ್ಜಿ ತಿರಸ್ಕರಿಸಿದರೆ ಪ್ರಾಧಿಕಾರ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ನೀವು ಕೇಳಿದರೆ, ಸಾರ್ವಜನಿಕ ಹಿತಕ್ಕೆ ಅಡ್ಡಿಯಾಗದ ಹೊರತು, ಅದರ ಸಂಕ್ಷಿಪ್ತ ಹೇಳಿಕೆ ಕೊಡಬೇಕು. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು 14ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ. ಬಾಡಿಗೆ ಮನೆಯ ಕಾರ್ಮಿಕರ ಮಕ್ಕಳಿಗೆ ಇದು ದೊಡ್ಡ ಬಲ. ಆದೇಶ ಬಂದ 30 ದಿನಗಳೊಳಗೆ 18ನೇ ಸೆಕ್ಷನ್ ಅಡಿ ಮೇಲ್ಮನವಿ ಹಾಕಿ. ಅಲ್ಲೂ ನ್ಯಾಯ ಸಿಗದಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಕಡತ ಎಲ್ಲಿ ನಿಂತಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಸಾಕು.

ಪೊಲೀಸರು ಲೈಸೆನ್ಸ್ ಕೇಳಿದರೆ ತೋರಿಸಲೇಬೇಕು. ಬಂಧನವಾದರೆ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲಿದೆ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಹೇಳುತ್ತದೆ. ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಉಚಿತ ನೆರವಿಗೆ ಅರ್ಹರು.

ಈ ಕ್ರೀಡೆ ಶ್ರೀಮಂತರಿಗೆ ಮಾತ್ರ ಎಂಬ ಮಾತನ್ನು ಕಾಯ್ದೆ ಒಪ್ಪುವುದಿಲ್ಲ. ಅದು ಕೇಳುವುದು ಶಿಸ್ತು ಮತ್ತು ದಾಖಲೆ. ಮಗ ಅಥವಾ ಮಗಳು ಶೂಟಿಂಗ್ ಕಲಿಯುತ್ತೇನೆ ಎಂದರೆ ಬೈದು ಸುಮ್ಮನಾಗಿಸಬೇಡಿ. ಮಾನ್ಯತೆ ಇರುವ ರೇಂಜ್‌ಗೆ ಕರೆದುಕೊಂಡು ಹೋಗಿ, 4.5 ಮಿ.ಮೀ. ಏರ್ ರೈಫಲ್‌ನಿಂದ ಆರಂಭಿಸಿ, ಪ್ರತಿ ಬಿಲ್ಲು, ಪ್ರತಿ ಪ್ರಮಾಣಪತ್ರವನ್ನು ಒಂದು ಫೈಲಿನಲ್ಲಿ ಇಡುತ್ತ ಬನ್ನಿ. ನಾಳೆ ಲೈಸೆನ್ಸ್ ಅರ್ಜಿ ಹಾಕುವಾಗ ನಿಮ್ಮ ಪರ ಮಾತಾಡುವುದು ಆ ಫೈಲು.