ರೋಗಿಯ ಬಳಿಯಲ್ಲಿ ಎಚ್ಚರಿಕೆ

ಕವಲೇದುರ್ಗದ ಸುತ್ತಣ ಕಾಡುಗಳಿಗೆ ದರಗು, ಸೌದೆಗಳಿಗಾಗಿ ಹೋಗುವವರ ಮನೆಗಳಲ್ಲಿ ಮಂಗನ ಕಾಯಿಲೆಯ ಶುಶ್ರೂಷೆಯನ್ನು ಅರಿತಿರುವುದು ಅವಶ್ಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಈ ರೋಗವು ಮೊದಲು ಗುರುತಿಸಲ್ಪಟ್ಟಿತು. ಇದು ಉಣುಗಿನ ಕಡಿತದಿಂದ ಬರುವುದೇ ಹೊರತು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದುದರಿಂದ ಭಯಪಟ್ಟು ರೋಗಿಯನ್ನು ಒಂಟಿಯಾಗಿ ಬಿಡಬಾರದು.

ಡಿಸೆಂಬರಿನಿಂದ ಮೇ ತಿಂಗಳ ವರೆಗೆ, ಕಾಡಿಗೆ ಹೋಗಿಬಂದವರಿಗೆ 3ರಿಂದ 8 ದಿನಗಳಲ್ಲಿ ಫಕ್ಕನೆ ಚಳಿಜ್ವರ, ತಲೆನೋವು, ಮೈಕೈನೋವು ಬಂದರೆ, ಕೂಡಲೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಕಾಡಿಗೆ ಹೋದ ಸಂಗತಿಯನ್ನು ತಿಳಿಸಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ರೋಗಿಗಳಲ್ಲಿ 100ಕ್ಕೆ 3ರಿಂದ 5 ಮಂದಿ ಸಾಯುವರು. ರೋಗದ ಮೂಲವನ್ನು ಕೊಲ್ಲುವ ನಿಶ್ಚಿತ ಔಷಧವಿಲ್ಲದ ಕಾರಣ ಶುಶ್ರೂಷೆಯೇ ಮುಖ್ಯವಾಗಿದೆ.

ನೀರು, ಗಂಜಿಗಳನ್ನು ಆಗಾಗ್ಗೆ ಕುಡಿಸಿರಿ. ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಅದನ್ನು ಕೊಡಲೇಬಾರದು. ಜ್ವರವೆಷ್ಟು, ಮೂತ್ರವೆಷ್ಟು ಎಂದು ವೇಳೆಸಹಿತ ಬರೆದಿಡಿರಿ. ವಸಡಿನಲ್ಲಾಗಲಿ ಮೂಗಿನಲ್ಲಾಗಲಿ ರಕ್ತ ಕಂಡರೆ, ಮಲವು ಕಪ್ಪಾದರೆ, ರೋಗಿಗೆ ಮಂಕು ಕವಿದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಿರಿ, ಬೆಳಗಾಗಲೆಂದು ಕಾಯಬೇಡಿರಿ.

ಜ್ವರ ಬಿಟ್ಟಿತೆಂದು ನಿಶ್ಚಿಂತರಾಗಬೇಡಿರಿ. ಕೆಲವರಿಗೆ ಒಂದೆರಡು ವಾರಗಳ ತರುವಾಯ ಜ್ವರವು ಮರಳಿ ಬಂದು, ತೀವ್ರ ತಲೆನೋವು, ಕೈನಡುಕ, ಬುದ್ಧಿಭ್ರಮೆಗಳು ಕಾಣುತ್ತವೆ. ರೋಗಿಯು ಎದ್ದು ಕೂತನೆಂದು ಆ ದಿನಗಳಲ್ಲಿ ಅವನನ್ನು ಗದ್ದೆಗೆ ಕಳುಹಿಸುವುದು ಪ್ರೀತಿಯಲ್ಲ. ನೋಡುವ ಕಣ್ಣೂ ಸಮಯಕ್ಕೆ ನಿಶ್ಚಯಿಸುವ ಮನಸ್ಸೂ ಕೂಡಿದರೆ ಮಾತ್ರ ಶುಶ್ರೂಷೆಯು ಪೂರ್ಣವಾಗುವುದು.

ಪ್ರಶ್ನೆಗಳು: 1. ಯಾವ ಲಕ್ಷಣಗಳು ಕಂಡರೆ ಬೆಳಗಿನ ವರೆಗೆ ಕಾಯಬಾರದು? 2. ಜ್ವರ ಬಿಟ್ಟ ಮೇಲೆಯೂ ರೋಗಿಯನ್ನು ಏಕೆ ಗಮನಿಸಬೇಕು?