ನೀರು ಕಡಿಮೆ ಮಾಡಿದರೆ ಚಡ್ಡಿ ಒಣಗಿರುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ಮೂರು ತಿಂಗಳು, ತೂಕ 12 ಕೆ.ಜಿ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅವನು ಡೇಕೇರ್‌ನಲ್ಲಿರುತ್ತಾನೆ. ಡೈಪರ್ ಬಿಡಿಸಿ ಪಾಟಿ ಅಭ್ಯಾಸ ಶುರುಮಾಡಿದ ಮೇಲೆ ನೀರಿನ ಬಾಟಲಿ ಹೆಚ್ಚುಕಡಿಮೆ ತುಂಬಿಕೊಂಡೇ ವಾಪಸ್ ಬರುತ್ತಿದೆ. ಕೇಳಿದರೆ ಅಲ್ಲಿನ ಅಕ್ಕ, "ನೀರು ಜಾಸ್ತಿ ಕೊಟ್ರ ಚಡ್ಡ್ಯಾಗೇ ಮಾಡ್ಕೋತಾನ್ರಿ ಮೇಡಂ, ಮನಿಗಿ ಹೋದಮ್ಯಾಲ ಕುಡಸ್ರಿ" ಅನ್ನುತ್ತಾರೆ. ನಮ್ಮ ಅತ್ತೆಯವರು, "ಇಂಥಾ ಬಿಸಿಲಾಗ ಕೂಸಿಗಿ ಒಣಗಸಬ್ಯಾಡ" ಅಂತ ಗದರುತ್ತಾರೆ. ಯಾರ ಮಾತು ಸರಿ? ದಿನಕ್ಕೆ ಎಷ್ಟು ನೀರು ಬೇಕು?
— ಒಬ್ಬ ತಾಯಿ, ಕಲಬುರಗಿ

ಉತ್ತರ: ನಿಮ್ಮ ಅತ್ತೆಯವರ ಮಾತೇ ಸರಿ. ಆ ಅಕ್ಕನ ಮಾತಿನಲ್ಲೂ ಒಂದು ಮಧ್ಯಾಹ್ನದ ಮಟ್ಟಿನ ಸತ್ಯವಿದೆ: ಒಳಗೆ ನೀರು ಹೋಗದಿದ್ದರೆ ಅವತ್ತು ಚಡ್ಡಿ ಒಣಗಿರುತ್ತದೆ. ಆದರೆ ಹೀಗೇ ವಾರಗಟ್ಟಲೆ ನಡೆಸಿದರೆ ಚಡ್ಡಿ ಮೊದಲಿಗಿಂತ ಹೆಚ್ಚು ಒದ್ದೆಯಾಗಲು ಶುರುವಾಗಬಹುದು.

ಮಕ್ಕಳ ಮೂತ್ರಕೋಶದ ಅಳತೆಗೆ ವೈದ್ಯರು ಬಳಸುವ ಸುಲಭ ಲೆಕ್ಕವೊಂದಿದೆ. ವಯಸ್ಸಿಗೆ ಎರಡು ಕೂಡಿಸಿ ಮೂವತ್ತರಿಂದ ಗುಣಿಸಬೇಕು. ಎರಡು ವರ್ಷದವನಿಗೆ 120 ಮಿ.ಲೀ. ಬಂತು, ಒಂದು ಸಣ್ಣ ಚಹಾದ ಲೋಟದಷ್ಟು. ಪಾಟಿ ಕಲಿಯುವುದೆಂದರೆ ಆ ಚೀಲ ತುಂಬುತ್ತಿರುವುದು ಮಗುವಿಗೇ ಗೊತ್ತಾಗಬೇಕು, ಸ್ವಲ್ಪ ಹೊತ್ತು ತಡೆಯಲು ಬರಬೇಕು, ಕೂತ ಮೇಲೆ ಸಡಿಲ ಬಿಡಲು ಬರಬೇಕು. ಚೀಲ ತುಂಬದೇ ಹೋದರೆ ಈ ಮೂರರಲ್ಲಿ ಒಂದೂ ರೂಢಿಯಾಗುವುದಿಲ್ಲ. ದಿನಕ್ಕೆ ಆರೇಳು ಸಲ ಸಿಗಬೇಕಾದ ಅಭ್ಯಾಸ ಮೂರು ಸಲಕ್ಕೆ ಇಳಿಯುತ್ತದೆ, ಅಷ್ಟೆ. ಸಾಲದ್ದಕ್ಕೆ ನೀರು ಕಡಿಮೆಯಾದಾಗ ಮೂತ್ರ ಗಟ್ಟಿ ಹಳದಿಯಾಗಿ ಉರಿಯುತ್ತದೆ. ಉರಿದದ್ದನ್ನು ಮಗು ಮರೆಯುವುದಿಲ್ಲ. ಮುಂದಿನ ಸಲ ಕಾಲು ಹೆಣೆದುಕೊಂಡು ತಡೆಹಿಡಿಯುತ್ತದೆ, ತಡೆದು ತಡೆದು ಕೊನೆಗೆ ಆಟದ ಮಧ್ಯೆ ಬಿಟ್ಟುಬಿಡುತ್ತದೆ. ಹೀಗೆ ಹಿಡಿದಿಡುವ ಅಭ್ಯಾಸ ಬೆಳೆದರೆ ಮೂತ್ರದ ಸೋಂಕಿಗೂ ದಾರಿಯಾಗುತ್ತದೆ, ಹೆಣ್ಣುಮಕ್ಕಳಲ್ಲಿ ಇನ್ನೂ ಬೇಗ.

ಇದಕ್ಕಿಂತ ದೊಡ್ಡ ತೊಂದರೆ ಹಿಂಬದಿಯದು, ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ. ದೇಹಕ್ಕೆ ನೀರು ಸಾಲದಿದ್ದಾಗ ದೊಡ್ಡ ಕರುಳು ಮಲದಲ್ಲಿರುವ ನೀರನ್ನೇ ಹೀರಿಕೊಳ್ಳುತ್ತದೆ. ಮಲ ಗಟ್ಟಿಯಾಗುತ್ತದೆ, ಹೋಗುವಾಗ ನೋಯುತ್ತದೆ. ಈ ವಯಸ್ಸಿನ ಮಗುವಿಗೆ ಒಂದು ಸಲ ನೋವಾದರೆ ಸಾಕು, "ಕಕ್ಕ ಬಂತಾ" ಎಂದು ಕೇಳಿದೊಡನೆ ಪರದೆಯ ಹಿಂದೆ ಹೋಗಿ ಕುಂಡೆ ಬಿಗಿಹಿಡಿದು ನಿಂತುಬಿಡುತ್ತದೆ. ಮನೆಯವರು ಮಗು ತಿಣುಕುತ್ತಿದೆ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ತಿಣುಕುವುದಲ್ಲ, ಹೊರಬರದಂತೆ ತಡೆಯುವುದು. ತಡೆದಷ್ಟೂ ಮಲ ಇನ್ನಷ್ಟು ಗಟ್ಟಿ, ಇನ್ನಷ್ಟು ದಪ್ಪ. ಹಾಗೆ ತುಂಬಿದ ಗುದನಾಳ ಮುಂದಿರುವ ಮೂತ್ರಕೋಶವನ್ನು ಒತ್ತುತ್ತದೆ. ಮೂತ್ರಕೋಶಕ್ಕೆ ಹಿಗ್ಗಲು ಜಾಗ ಇಲ್ಲದೆ ಚೂರು ತುಂಬಿದರೂ ಸೋರುತ್ತದೆ. ಡೇಕೇರ್‌ನವರಿಗೆ ಕಾಣುವುದು ಒದ್ದೆ ಚಡ್ಡಿ ಮಾತ್ರ, ಆದ್ದರಿಂದ ನೀರನ್ನು ಇನ್ನೂ ಕಡಿಮೆ ಮಾಡುತ್ತಾರೆ. ನಿಮ್ಮ ಮಗ ಎರಡು ಮೂರು ದಿನಕ್ಕೊಮ್ಮೆ, ಗಟ್ಟಿ ಉಂಡೆಯಂತೆ ಹೋಗುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಪಾಟಿ ಅಭ್ಯಾಸವನ್ನು ಎರಡು ವಾರ ಬದಿಗಿಟ್ಟರೂ ನಷ್ಟವಿಲ್ಲ.

ಎಷ್ಟು ಬೇಕು ಅನ್ನುವುದಕ್ಕೆ ಬರೋಣ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಕೊಟ್ಟ ಅಂದಾಜಿನಂತೆ ಎರಡರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1300 ಮಿ.ಲೀ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ 1957ರಿಂದ ಬಳಕೆಯಲ್ಲಿರುವ ಹಾಲಿಡೇ–ಸೀಗರ್ ಲೆಕ್ಕದಲ್ಲೂ, ಅಂದರೆ ಮೊದಲ ಹತ್ತು ಕೆ.ಜಿ.ಗೆ ತಲಾ 100 ಮಿ.ಲೀ., ನಂತರದ ಹತ್ತು ಕೆ.ಜಿ.ಗೆ ತಲಾ 50 ಮಿ.ಲೀ. ಎಂದು ಹಿಡಿದರೆ, 12 ಕೆ.ಜಿ. ಮಗುವಿಗೆ 1100 ಬರುತ್ತದೆ. ಗಾಬರಿಯಾಗಬೇಡಿ, ಇದೆಲ್ಲ ಬರೀ ನೀರಲ್ಲ. ಅನ್ನ, ಬೇಳೆ, ತಿಳಿಸಾರು, ಮೊಸರು, ಹಣ್ಣು ಇವುಗಳಿಂದಲೇ ಮುನ್ನೂರು ನಾನೂರು ಬರುತ್ತದೆ. ಎರಡು ಲೋಟ ಹಾಲಿನಿಂದ ಇನ್ನು ನಾನೂರು. ಉಳಿಯುವುದು ಐನೂರು ಆರುನೂರು. ಎಚ್ಚರವಾಗಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಡೇಕೇರ್‌ನಲ್ಲೇ ಕಳೆಯುವ ಮಗು ಅದರಲ್ಲಿ ಮುನ್ನೂರನ್ನಾದರೂ ಅಲ್ಲೇ ಕುಡಿಯಬೇಕು. ಸಂಜೆ ಮನೆಗೆ ಬಂದ ಮೇಲೆ ಎಲ್ಲವನ್ನೂ ಸುರಿದರೆ ರಾತ್ರಿಯ ಹಾಸಿಗೆ ನಿಮಗೇ. ನಿಮ್ಮೂರಿನ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವಾಗ ಈ ಲೆಕ್ಕ ಮೇಲಕ್ಕೇ ಹೋಗುತ್ತದೆ.

ಹಾಲನ್ನೇ ಹೆಚ್ಚಿಸಿಬಿಡೋಣ ಎಂದು ಅನಿಸಬಹುದು, ಬೇಡ. ಅರ್ಧ ಲೀಟರ್ ಮೀರಿದರೆ ಊಟ ಕಡಿಮೆಯಾಗುತ್ತದೆ, ಕಬ್ಬಿಣಾಂಶ ಇಳಿಯುತ್ತದೆ, ಮಲಬದ್ಧತೆ ಹೆಚ್ಚುತ್ತದೆ. ತೆಳು ಮಜ್ಜಿಗೆ, ತಿಳಿಯಾದ ರಾಗಿ ಅಂಬಲಿ, ಎಳನೀರು, ಬೀಜ ತೆಗೆದ ಕಲ್ಲಂಗಡಿ, ಸೌತೆಕಾಯಿ ಇವೆಲ್ಲ ನೀರಿನ ಲೆಕ್ಕಕ್ಕೇ ಸೇರುತ್ತವೆ. ಚಹಾ ಮಾತ್ರ ಬೇಡ. ಉತ್ತರ ಕರ್ನಾಟಕದ ಮನೆಗಳಲ್ಲಿ ದೊಡ್ಡವರ ಬಸಿಯಿಂದ ಮಗುವಿಗೂ ಎರಡು ಗುಟುಕು ಹೋಗುವುದು ನನಗೆ ಗೊತ್ತಿದೆ. ಊಟದ ಕಬ್ಬಿಣ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಇನ್ನು ಅಂಗಡಿಯಲ್ಲಿ ಓಆರ್‌ಎಸ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಹಣ್ಣಿನ ರುಚಿಯ ಸಿಹಿ ಡಬ್ಬಿಗಳು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತಿಲ್ಲದ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ನಿಜವಾದ ಓಆರ್‌ಎಸ್ ಪುಡಿ ಭೇದಿಯಾದಾಗ ಬೇಕೇ ಬೇಕು, ದಿನನಿತ್ಯದ ಬಾಯಾರಿಕೆಗೆ ಬೇಡ.

ನೀರು ಕಡಿಮೆ ಮಾಡುವುದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಅಜ್ರಿನ್ ಮತ್ತು ರಿಚರ್ಡ್ ಫಾಕ್ಸ್ 1974ರ ತಮ್ಮ ಪುಸ್ತಕದಲ್ಲಿ ಒಂದೇ ದಿನದೊಳಗೆ ಪಾಟಿ ಕಲಿಸುವ ವಿಧಾನ ಹೇಳಿದರು. ಮಗುವಿಗೆ ಹೆಚ್ಚು ಹೆಚ್ಚು ಕುಡಿಸಿ, ಮೇಲಿಂದ ಮೇಲೆ ಕೂರಿಸಿ ಅಭ್ಯಾಸ ಕೊಡುವುದು ಅದರ ಒಂದು ಭಾಗ. ಇವತ್ತು ಮೊಬೈಲಿನಲ್ಲಿ ಓಡಾಡುವ "ಮೂರೇ ದಿನದಲ್ಲಿ ಡೈಪರ್ ಬಿಡಿಸಿ" ವಿಡಿಯೊಗಳಲ್ಲೂ ಅದರದೇ ನೆರಳು. ಮಗು ಬೇಡವೆಂದರೂ ಒತ್ತಾಯದಿಂದ ಲೋಟದ ಮೇಲೆ ಲೋಟ ನೀರು ಇಳಿಸಿದರೆ ರಕ್ತದ ಸೋಡಿಯಂ ತೆಳುವಾಗಿ ಫಿಟ್ಸ್ ಬರುವ ಅಪಾಯವಿದೆ. ಒಣಗಿಸುವುದು, ತುಂಬಿಸುವುದು ಎರಡೂ ಬೇಡ. ಮಗುವಿನ ನೀರು ಅದರ ಪಾಡಿಗೆ ನಡೆಯಲಿ, ನಾವು ಬದಲಿಸಬೇಕಾದದ್ದು ಕೂರಿಸುವ ಹೊತ್ತನ್ನು.

ಡೇಕೇರ್‌ನ ಅಕ್ಕನ ಜೊತೆ ಜಗಳಕ್ಕೆ ಹೋಗಬೇಡಿ. ಹತ್ತು ಮಕ್ಕಳ ನಡುವೆ ಒಬ್ಬರೇ ನೆಲ ಒರೆಸಿ ಚಡ್ಡಿ ಬದಲಿಸುವವರಿಗೆ ಒಣ ಚಡ್ಡಿಯೇ ಗೆಲುವಾಗಿ ಕಾಣುವುದು ಸಹಜ. ಐದಾರು ಚಡ್ಡಿ, ಒದ್ದೆ ಬಟ್ಟೆಗೆ ಒಂದು ಚೀಲ ನೀವೇ ಕೊಟ್ಟುಬಿಡಿ. ಎಲ್ಲ ಮಕ್ಕಳೂ ತಿಂಡಿಗೆ ಕೂತಾಗ, ಊಟಕ್ಕೆ ಕೂತಾಗ, ಮಲಗಿ ಎದ್ದಾಗ ಇವನಿಗೂ ಅರ್ಧ ಲೋಟ ಕೊಡಿ, ಅದಾಗಿ ಅರ್ಧ ಗಂಟೆಯ ನಂತರ ಒಂದು ಸಲ ಕೂರಿಸಿ ಎಂದು ಕೇಳಿಕೊಳ್ಳಿ. ಕೇರಳದ ಶಾಲೆಗಳು 2019ರಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸಲು ಶುರುಮಾಡಿದ್ದು ಇದೇ ಯೋಚನೆಯಿಂದ. ಪಕ್ಕದವರು ಕುಡಿದರೆ ಮಗು ತಾನೂ ಕುಡಿಯುತ್ತದೆ. ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುವುದರಿಂದ ಆ ಹೊತ್ತಿನಲ್ಲಿ ಐದು ನಿಮಿಷ ಕೂರಿಸಿದರೆ ಎರಡೂ ಕೆಲಸ ಆಗಬಹುದು. ಬಾಟಲಿಯ ಮುಚ್ಚಳ ಅವನೇ ತೆಗೆಯಬಲ್ಲನೇ ಎಂದೂ ನೋಡಿ. ಕೆಲವು ಬಾಟಲಿಗಳ ಗುಂಡಿ ದೊಡ್ಡವರ ಹೆಬ್ಬೆರಳಿಗೇ ಬಗ್ಗುವುದಿಲ್ಲ. ಇಷ್ಟಾದರೂ ಅವರಿಂದ ಆಗದಿದ್ದರೆ ಡೇಕೇರ್‌ನ ಹೊತ್ತಿಗೆ ಡೈಪರ್ ಹಾಕಿ ಕಳಿಸಿ, ಅಭ್ಯಾಸ ಮನೆಯಲ್ಲಿ ನಡೆಯಲಿ. ಹಿನ್ನಡೆ ಅನಿಸಿದರೂ ಒಣ ಗಂಟಲಿಗಿಂತ ಅದೇ ಮೇಲು.

ರಾತ್ರಿಯ ಮಾತು ಬೇರೆ. ರಾತ್ರಿ ಒಣಗಿರುವುದು ಕಲಿಕೆಯಿಂದಲ್ಲ, ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನು ಮತ್ತು ಮೂತ್ರಕೋಶ ಬೆಳೆದ ಮೇಲೆ ಬರುವಂಥದ್ದು. ಐದು ವರ್ಷದವರೆಗೂ ಹಾಸಿಗೆ ಒದ್ದೆಯಾದರೆ ಅದಕ್ಕೆ ಔಷಧಿಯೂ ಬೇಡ, ಬೈಗುಳವೂ ಬೇಡ.

ಡೈಪರ್ ಹೋದದ್ದರಿಂದ ನಿಮಗೊಂದು ಲಾಭವೂ ಆಗಿದೆ: ಮೂತ್ರದ ಬಣ್ಣ ಈಗ ಕಣ್ಣಿಗೆ ಕಾಣುತ್ತದೆ. ತಿಳಿ ಬಣ್ಣದ ಪಾಟಿ ಇಟ್ಟುಕೊಳ್ಳಿ. ಬೆಳಗಿನ ಮೊದಲನೆಯದು ಗಾಢವಾಗಿರುವುದು ಸಹಜ, ಮಧ್ಯಾಹ್ನದ ಹೊತ್ತಿಗೆ ತಿಳಿ ಹಳದಿಗೆ ಬಂದಿರಬೇಕು. ಸಂಜೆ ಐದಕ್ಕೆ ಮನೆಗೆ ಬಂದವನು ಗಾಢ ಹಳದಿ ಮಾಡಿದರೆ ಆ ದಿನ ನೀರು ಸಾಲಲಿಲ್ಲ ಎಂದರ್ಥ. ಆರೆಂಟು ಗಂಟೆ ಮೂತ್ರವೇ ಇಲ್ಲ, ಬಾಯಿ ಒಣಗಿದೆ, ಅತ್ತರೆ ಕಣ್ಣೀರಿಲ್ಲ, ಮಂಕಾಗಿದ್ದಾನೆ ಅಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಉರಿಮೂತ್ರವಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಇನ್ನೊಂದನ್ನು ಡೇಕೇರ್‌ನವರಿಗೂ ಹೇಳಿಡಿ. ಮಗು ಇದ್ದಕ್ಕಿದ್ದಂತೆ ತಂಬಿಗೆಗಟ್ಟಲೆ ನೀರು ಕೇಳುತ್ತಾ, ಲೆಕ್ಕವಿಲ್ಲದಷ್ಟು ಮೂತ್ರ ಮಾಡುತ್ತಾ, ಸೊರಗುತ್ತಾ ಬಂದರೆ ಪಾಟಿ ಅಭ್ಯಾಸ ಕೆಟ್ಟಿತು ಎಂದುಕೊಂಡು ಸುಮ್ಮನಿರಬಾರದು. ಚಿಕ್ಕ ಮಕ್ಕಳಿಗೂ ಬರುವ ಸಕ್ಕರೆ ಕಾಯಿಲೆ ಹೀಗೇ ಶುರುವಾಗುತ್ತದೆ. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ನಿಮಿಷದೊಳಗೆ ಗೊತ್ತಾಗುವ ಪರೀಕ್ಷೆ ಅದು, ಅವತ್ತೇ ಮಾಡಿಸಬೇಕು.